ಗೋಲ್‌ಕೀಪರ್ ಇಲ್ಲದ ಗೋಡೆ

ನಮ್ಮ ಮಕ್ಕಳ ಶಾಲೆಯ ಪ್ರಚಾರ ವಿಭಾಗದ ಮುಖ್ಯಸ್ಥರೇ,

ಮುಖ ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ತಾವು ಹುಡುಗಿಯರ ಲ್ಯಾಕ್ರಾಸ್ ತಂಡದ ಗೋಲ್‌ಕೀಪರನ್ನು ಈ ಸೀಸನ್ನಿನ ಫೋಟೋ ಗೋಡೆಯಿಂದ ಹೊರಗಿಟ್ಟಿದ್ದೀರಿ. ಗೋಲ್‌ಕೀಪರ್ ಹೆಲ್ಮೆಟ್ ಹಾಕುತ್ತಾಳೆ, ಹುಡುಗಿಯರ ಆಟದಲ್ಲಿ ಹಾಕುವವಳು ಅವಳೊಬ್ಬಳೇ. ಹೆಲ್ಮೆಟ್ಟಿಗೆ ಕಂಬಿಗಳಿರುತ್ತವೆ. ಕಂಬಿಗಳ ಹಿಂದೆ ಮುಖವಿರುತ್ತದೆ. ಇಷ್ಟನ್ನು ವಿವರಿಸಿ ನಾನು ಇಂಗ್ಲಿಷಿನಲ್ಲಿ ಬರೆದ ಈಮೇಲ್‌ಗಳಿಗೆಲ್ಲ ‘ನೋಟೆಡ್ ವಿತ್ ಥ್ಯಾಂಕ್ಸ್’ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ ಬಂದಿದೆ. ಆದ್ದರಿಂದ ಈಗ ಈ ಕೊಲ್ಲಿ ನಾಡಿನ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಾವು ಕಾರ್ಕಳದ ಕಡೆಯವರೆಂದು ಬಲ್ಲೆ. ಪೇರೆಂಟ್ಸ್ ಮೀಟಿಂಗಿನಲ್ಲಿ ತಮ್ಮ ಇಂಗ್ಲಿಷು ಲಂಡನ್ನಿಗೆ ಎಷ್ಟು ಸಲ ಹೋಗಿ ಬಂದರೂ, ಕ್ಯಾಂಟೀನಿನ ಚಹಾ ತಣ್ಣಗಾಗಿದ್ದ ದಿನ ತಾವು ಗೊಣಗಿದ್ದು ಶುದ್ಧ ಕನ್ನಡದಲ್ಲೇ.

ನನ್ನ ಪರಿಚಯ ತಮಗಿದೆ, ಓದುಗರಿಗಿಲ್ಲ. ವಾರವಿಡೀ ಒಂದು ಕಂಪೆನಿಯಲ್ಲಿ ಗುಮಾಸ್ತ; ರಜೆಯಲ್ಲಿ ನಮ್ಮ ಕೊಂಕಣಿ ಕ್ರೈಸ್ತರ ಮದುವೆ, ನಾಮಕರಣಗಳಿಗೆ ಕ್ಯಾಮೆರಾ ಹಿಡಿಯುವವನು. ಮಗಳು ಫಿಯೋನಾ ತಂಡ ಸೇರಿದ ತಪ್ಪಿಗೆ ಇಡೀ ಸೀಸನ್ನಿನ ಫೋಟೋ ಕೆಲಸ ನನ್ನ ಹೆಗಲಿಗೆ ಬಿತ್ತು, ಬೀಳಿಸಿದವರು ತಾವೇ. ಕೋಲಿನ ತುದಿಗೆ ಬಲೆಯ ಬುಟ್ಟಿ ಕಟ್ಟಿಕೊಂಡು, ಅದರಲ್ಲೇ ಚೆಂಡು ಹಿಡಿದು ಅದರಿಂದಲೇ ಎಸೆಯುವ ಈ ಆಟವನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ಹಾಗಾಗಿ ಮೊದಲ ಪಂದ್ಯದ ದಿನ ಗೊತ್ತಿದ್ದದ್ದನ್ನೇ ಮಾಡಿದೆ. ನಮ್ಮ ತಂಡ, ಎದುರಿನ ತಂಡ, ಎರಡೂ ಕಡೆಯ ತಾಯಂದಿರು, ನೀರು ಕೊಡುವವರು, ಕೊನೆಗೆ ರೆಫರಿಯನ್ನೂ ಕರೆದು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿಬಿಟ್ಟೆ. ‘ಮದುಮಗಳ ಕಡೆಯವರು ಎಡಕ್ಕೆ’ ಎನ್ನುವುದೊಂದು ಬಾಕಿಯಿತ್ತು. ಆಟ ತಡವಾಯಿತು, ತಾವು ಬಿದ್ದು ಬಿದ್ದು ನಕ್ಕಿರಿ. ನಗಿ, ತೊಂದರೆಯಿಲ್ಲ. ಆದರೆ ಆ ಫೋಟೋದಲ್ಲಿ ಬಿಟ್ಟುಹೋದವರು ಒಬ್ಬರೂ ಇಲ್ಲ. ನಮ್ಮ ಮದುವೆಯ ಆಲ್ಬಮಿನಲ್ಲಿ ಅಡುಗೆಯವರಿಗೂ ಒಂದು ಪುಟವುಂಟು; ಒಬ್ಬ ದೊಡ್ಡಮ್ಮ ತಪ್ಪಿಹೋದರೆ ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ. ಅದೇ ನೆಲದಲ್ಲಿ ಹುಟ್ಟಿದ ತಾವು ಇದನ್ನು ಎಲ್ಲಿ ಮರೆತುಬಂದಿರಿ?

ಚೆಂಡಿನ ಹಿಂದೆ ಕ್ಯಾಮೆರಾ ಓಡಿಸಿದರೆ ಸಿಗುವುದು ಬರೀ ಹುಲ್ಲಿನ ಫೋಟೋ ಎಂದು ಕಲಿಯಲು ನನಗೆ ಕೆಲವು ಪಂದ್ಯಗಳೇ ಬೇಕಾದವು. ಆ ದಿನಗಳಲ್ಲಿ ಸ್ಪಷ್ಟವಾಗಿ ಸಿಕ್ಕಿದ್ದು ಫಿಯೋನಾ ಮಾತ್ರ, ಏಕೆಂದರೆ ಅವಳು ಓಡುವುದೇ ಕಡಿಮೆ. ತಮ್ಮ ಗೋಡೆಯ ಮೇಲೆ ಎಲ್ಲಿ ನೋಡಿದರೂ ನನ್ನ ಮಗಳೇ ಇರುವ ರಹಸ್ಯ ಇಷ್ಟೇ. ಆಮೇಲೆ ನಾನು ಗೋಲಿನ ಹಿಂದೆ ಹೋಗಿ ಕೂತೆ. ಅಲ್ಲಿ ಗೋಲ್‌ಕೀಪರ್ ಶೈಮಾ ಇದ್ದಳು. ಮುಐದರ್ ಬಡಾವಣೆಯಿಂದ ಬರುವ, ಮನೆಯಲ್ಲಿ ಬ್ಯಾರಿ ಮಾತಾಡುವ, ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ. ಹೆಲ್ಮೆಟ್ ಹಾಕಿದರೆ ಸಾಕು, ಇಡೀ ತಂಡಕ್ಕೆ ಗದರುತ್ತಿದ್ದಳು: “ಯಲ್ಲಾ, ಬೇಗ ಫಿಯೋನಾ, ಲೆಫ್ಟಿಗೆ ಹೋಗು, ನಿದ್ದೆ ಮಾಡ್ಬೇಡ.” ನನ್ನ ಮಗಳು ಮಾತು ಕೇಳಿ ಓಡಿದ್ದನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು.

ಅವಳ ತಾಯಿ ಬೀಬಿಯವರು ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ, ಒಂದನ್ನೂ ಪೂರ್ತಿ ನೋಡಿದವರೂ ಅಲ್ಲ. ಚೆಂಡು ಮಗಳ ಕಡೆ ತಿರುಗಿದ ಕೂಡಲೇ ಶಾಲು ಮುಖಕ್ಕೆಳೆದು ಕಣ್ಣು ಮುಚ್ಚಿಬಿಡುತ್ತಾರೆ. “ವಲೇರಿಯನ್ ಭಾಯ್, ಚೆಂಡು ಹೋಯ್ತಾ? ಎಂತಾಯ್ತು ಮಾರಾಯ್ರೆ?” ಎನ್ನುತ್ತಾರೆ. “ಹಿಡಿದಳು” ಎಂದು ಕ್ಯಾಮೆರಾದ ಪರದೆ ತೋರಿಸುತ್ತೇನೆ. ಮಗಳು ಚೆಂಡು ತಡೆದದ್ದನ್ನು ಆ ತಾಯಿ ಕಂಡದ್ದೆಲ್ಲ ಹೀಗೆ, ನನ್ನ ಪರದೆಯಲ್ಲೇ.

ದುಖಾನಿನಲ್ಲಿ ನಡೆದ ಕೊನೆಯ ಪಂದ್ಯ ತಮಗೆ ನೆನಪಿರಬೇಕು, ‘ಐತಿಹಾಸಿಕ ವಿಜಯ’ ಎಂದು ಪೋಸ್ಟ್ ಹಾಕಿದವರು ತಾವೇ. ಅಷ್ಟು ದೂರ ಹೋದದ್ದು ಧೂಳು ತಿನ್ನಲಿಕ್ಕೆ ಎನ್ನುವಂಥ ಗಾಳಿ. ಒಂದೇ ಗೋಲಿನ ಮುನ್ನಡೆಯಲ್ಲಿದ್ದೆವು. ಕೊನೆಯ ಹೊಡೆತಕ್ಕೆ ಶೈಮಾ ಮೈಯನ್ನೇ ಅಡ್ಡ ಎಸೆದಳು. ಅವಳು ಎದ್ದು ಮೊಣಕಾಲೂರಿ, ಬುಟ್ಟಿಯೊಳಗಿನ ಚೆಂಡನ್ನು ನನ್ನತ್ತ ಎತ್ತಿ ತೋರಿಸಿದಾಗ ನಾನು ಕ್ಲಿಕ್ಕಿಸಿದೆ. ಕಂಬಿಗಳ ತುಂಬ ಧೂಳು. ನನ್ನ ಕೈಯಿಂದ ಈವರೆಗೆ ಬಂದ ಫೋಟೋಗಳಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ.

ಅದನ್ನು ತಂದರೆ ತಾವು ಅಂದದ್ದೇನು? “ಪಾಲಿಸಿ ಉಂಟು ಮಾರಾಯ್ರೆ. ಮುಖ ಕ್ಲಿಯರಾಗಿ ಕಾಣ್ಬೇಕು. ಹೆಲ್ಮೆಟ್ ಒಳಗೆ ಯಾರುಂಟು ಅಂತ ನೋಡುವವರಿಗೆ ಹೇಗೆ ಗೊತ್ತಾಗ್ಬೇಕು? ಖಲಾಸ್.” ಕೆಳಗೆ ಹೆಸರು ಬರೆಯುವುದೆಂಬ ಪ್ರಾಚೀನ ತಂತ್ರಜ್ಞಾನ ತಮ್ಮ ವಿಭಾಗಕ್ಕೆ ಇನ್ನೂ ತಲುಪಿಲ್ಲವೇ? ಮನೆಯವರ ಒಪ್ಪಿಗೆ ಇದೆ. ಕೋಚ್ ಒಪ್ಪಿದರು, ಪ್ರಿನ್ಸಿಪಾಲರೂ ಒಪ್ಪಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಗೆ ಮಾತ್ರ ತಾವು ಜೀವಂತ ಸಾಕ್ಷಿಯಾಗಿ ಉಳಿದಿರಿ. ಕೊನೆಗೆ ದಯೆ ತೋರಿ, ಹೆಲ್ಮೆಟ್ ತೆಗೆದು ಕೋಲು ಹಿಡಿದು ಸ್ಟುಡಿಯೋದಲ್ಲಿ ಕೂರಲು ಹೇಳಿಕಳಿಸಿದಿರಿ. ಶೈಮಾ ಬರಲಿಲ್ಲ. “ಅದು ವೀಸಾ ಫೋಟೋ ಅಂಕಲ್, ಆಟದ್ದಲ್ಲ. ಬಿಡಿ, ಪರ್ವಾಗಿಲ್ಲ” ಎಂದಳು. ಹದಿನೇಳರ ಹುಡುಗಿ ಅಷ್ಟು ಮೆತ್ತಗೆ ‘ಪರ್ವಾಗಿಲ್ಲ’ ಎಂದದ್ದು ನನಗೆ ಸಹಿಸಲಾಗಲಿಲ್ಲ, ಅದಕ್ಕೇ ಈ ಪತ್ರ.

ಬರುವ ಗುರುವಾರ ಹನ್ನೆರಡನೆಯ ತರಗತಿಯ ಬೀಳ್ಕೊಡುಗೆ. ಅಂದೇ ಗೋಡೆಯ ಉದ್ಘಾಟನೆ. ಬೀಬಿಯವರು ರಜೆ ಹಾಕಿದ್ದಾರೆ. ಕಣ್ಣು ಮುಚ್ಚುವ ಅಗತ್ಯವಿಲ್ಲದೆ ಮಗಳ ಆಟ ನೋಡಬಹುದಾದ ಜಾಗ ಅದೊಂದೇ ಎಂದು ನಂಬಿ ಬರುತ್ತಾರೆ. ತಾಯಿ ಮಗಳಿಬ್ಬರಿಗೂ ಕನ್ನಡ ಓದಲು ಬಾರದು; ಅಲ್ಲಿ ಮಗಳಿಲ್ಲವೆಂದು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ತಮಗಿದ್ದರೆ ಬಾಗಿಲಲ್ಲೇ ನಿಂತು ಹೇಳಿ.

ಹೇಳಲಾಗದಿದ್ದರೆ ನನ್ನ ಬೇಡಿಕೆ ಸಣ್ಣದು. ಫಿಯೋನಾ ನಿಂತಿರುವ ಫೋಟೋಗಳಲ್ಲಿ ಯಾವುದನ್ನಾದರೂ ಇಳಿಸಿ (ಇದು ಅವಳದೇ ಮಾತು) ಆ ಜಾಗದಲ್ಲಿ ದುಖಾನಿನ ಫೋಟೋ ಹಾಕಿ, ಕೆಳಗೆ ಶೈಮಾ ಎಂದು ಬರೆಯಿರಿ. ಆಗುವುದಿಲ್ಲವೇ? ಹಾಗಾದರೆ ಒಂದು ಮಾತು ಮುಂಚಿತವಾಗಿ ತಿಳಿದಿರಲಿ. ತಂಡದ ಹುಡುಗಿಯರೆಲ್ಲ ಹುಡುಗರ ತಂಡದಿಂದ ಹೆಲ್ಮೆಟ್ ಸಾಲ ತಂದಿಟ್ಟಿದ್ದಾರೆ. ಶೈಮಾಳಿಗೆ ಗೊತ್ತಿಲ್ಲ. ಗುರುವಾರ ತಾವು ರಿಬ್ಬನ್ ಕತ್ತರಿಸಿ ಗ್ರೂಪ್ ಫೋಟೋಕ್ಕೆ ಕರೆದಾಗ ಅವರೆಲ್ಲ ಅದನ್ನು ತಲೆಗೇರಿಸಿ, ಶೈಮಾಳಿಗೂ ಅವಳದನ್ನು ತೊಡಿಸಿ, ಅವಳ ಅಕ್ಕಪಕ್ಕ ನಿಲ್ಲುತ್ತಾರೆ, ನಾನು ಕ್ಲಿಕ್ಕಿಸುತ್ತೇನೆ. ಒಂದು ಮುಖವೂ ಕಾಣುವುದಿಲ್ಲ. ಆಗ ಪಾಲಿಸಿಯ ಪ್ರಕಾರ ತಾವು ಇಡೀ ತಂಡವನ್ನೇ ಗೋಡೆಯಿಂದ ಇಳಿಸಬೇಕಾಗುತ್ತದೆ, ಸ್ವಾಮಿ.

ಇಂತಿ,
ಆ ಗೋಡೆಯ ಫೋಟೋಗಳನ್ನೆಲ್ಲ ತೆಗೆದು, ಒಂದರಲ್ಲೂ ತಾನಿಲ್ಲದ
ವಲೇರಿಯನ್
ಅಲ್ ವುಕೈರ್