ಡ್ರ್ಯಾಗನ್ ಆಗಲೇ ಸತ್ತಿತ್ತು

ಅಣ್ಣ,

ಬೆಕ್ಕಿಗೆ ಹಾಲು ಹಾಕಿದ್ದೀನಿ, ಅದರ ನಾಟಕ ನಂಬಬೇಡ.

ಅಟ್ಟ ಗುಡಿಸುವಾಗ ನಾವು ಚಿಕ್ಕವರಿದ್ದಾಗ ದಾಳ ಹಾಕಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡ್ತಿದ್ದ ಡ್ರ್ಯಾಗನ್ ಆಟದ ಪೆಟ್ಟಿಗೆ ಸಿಕ್ತು, ಆ ಮೊದಲನೇ ಆವೃತ್ತಿಯದು. ಬೈಂಡು ಕಿತ್ತುಹೋದ ಆಟದ ನಿಯಮದ ಪುಸ್ತಕ ಮೂಸಿ ಮೂಸಿ ಖುಷಿಪಟ್ಟೆ. ಈಗಿನ ಹೊಳೆಯೋ ಆವೃತ್ತಿಗೆ ಆ ವಾಸನೆ ಎಲ್ಲಿಂದ ಬರಬೇಕು!

ಅದರಡಿಯಲ್ಲೇ ಇತ್ತು, ಡ್ರ್ಯಾಗನ್ನಿನ ಲೆಕ್ಕ ಬರ್ಕೊಂಡು ಆಟ ನಡೆಸುವಾಗ ನೀನು ಯಾರಿಗೂ ತೋರಿಸದ ನೋಟ್‌ಬುಕ್ಕು. ನನ್ನ ಪಾತ್ರ ಆ ಮಾಟಗಾತಿಯನ್ನ ಡ್ರ್ಯಾಗನ್ ಸುಟ್ಟ ದಿನದ ಪುಟ ತೆರೆದೆ. ಅವಳ ಏಟಿಗೆ ಡ್ರ್ಯಾಗನ್ನಿನ ಜೀವದ ಅಂಕ ಆಗಲೇ ಸೊನ್ನೆಗೆ ಇಳಿದಿತ್ತು! ಸೊನ್ನೆ ಅಳಿಸಿ ಹತ್ತು ಬರೆದಿದ್ದೀಯ. ನಾನು ಎರಡು ದಿನ ಊಟ ಬಿಟ್ಟಿದ್ದೆ. ನೀನು ತಲೆ ಸವರಿ "ದಾಳ ಬಿದ್ದ ಹಾಗೆ ಕಣೇ" ಅಂದಿದ್ದೆ. ನಂಬಿದ್ದೆನಲ್ಲೋ!

ನೋಟ್‌ಬುಕ್ಕು ಮೇಜಿನ ಮೇಲಿದೆ. ಆರಕ್ಕೆ ಬರ್ತೀನಿ, ಅಷ್ಟರಲ್ಲಿ ನನ್ನ ಮಾಟಗಾತಿಯನ್ನ ಬದುಕಿಸಿರು. ಪೆನ್ಸಿಲ್ ಬೇಡ, ಪೆನ್ನಲ್ಲಿ ಬರಿ.