ನಾಜಿಮಾಳ ಪಾಲಿನ ಟ್ರ್ಯಾಕ್ಟರ್

ಮೊರಬ,
೧೮ ಫೆಬ್ರವರಿ ೨೦೨೪

ಪ್ರೀತಿಯ ತಂಗಿ ನಾಜಿಮಾ,

ನಿನ್ನ ಅಕ್ಕ ಸುಗರಾಬಿಯ ಸಲಾಮು. ನೀನು ಮನೆಗೂ ಬರುವುದಿಲ್ಲ, ಫೋನೂ ಎತ್ತುವುದಿಲ್ಲ. ಅದಕ್ಕೇ ಈ ಪತ್ರವನ್ನು ಟ್ರೇಲರ್ ಡ್ರೈವರ್ ಆಸೀಫನ ಕೈಯಲ್ಲಿ ಕೊಟ್ಟಿದ್ದೇನೆ. ಅಬ್ಬಾನ ಹಳೆಯ ಟ್ರ್ಯಾಕ್ಟರ್ ಕುಂದಗೋಳಕ್ಕೆ, ನಿನ್ನ ಮನೆಗೆ ಹೊರಟಿದೆ.

ಅದು ನಿನಗೇ ಅಂತ ಅಬ್ಬಾ ಹೇಳಿದ ದಿನ ನಾನು ಊಟ ಮಾಡಲಿಲ್ಲ. ಚಿಕ್ಕಂದಿನಲ್ಲಿ ನಿನ್ನನ್ನು ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಹೊಲಕ್ಕೆ ಒಯ್ಯುತ್ತಿದ್ದರು, ಸ್ಟೇರಿಂಗ್ ಹಿಡಿಯಲು ಕಲಿಸಿದರು. ನಾನು ಬುತ್ತಿ ಹೊತ್ತು ಹಿಂದೆ ನಡೆದು ಬರುತ್ತಿದ್ದೆ. ಈಗ ಅವರಿಗೆ ಸ್ನಾನದ ನೀರು ಕಾಯಿಸುವವಳು ನಾನು. ಟ್ರ್ಯಾಕ್ಟರ್ ಮಾತ್ರ ನಿನ್ನದು.

ಇವತ್ತು ಬೆಳಿಗ್ಗೆ ಆಸೀಫ್ ಅದನ್ನು ಟ್ರೇಲರ್ ಮೇಲೆ ಹತ್ತಿಸಿ ಬರೀ ಹಗ್ಗದಿಂದ ಬಿಗಿದ. "ಇಷ್ಟ ಸಾಕೇನ್ರಿ ಅಕ್ಕಾ?" ಅಂತ ಕೇಳಿದ. ಸಾಲದು ಅಂತ ನನಗೂ ಗೊತ್ತಿತ್ತು. ಆದರೂ "ಸಾಕು, ಹೋಗಪಾ" ಅಂದುಬಿಟ್ಟೆ. ದಾರಿಯಲ್ಲಿ ಬಿದ್ದು ಮುರಿದರೆ ಮುರಿಯಲಿ, ನಿನಗೆ ಸಿಗದಿದ್ದರೆ ಸಾಕು ಅನಿಸಿತ್ತು ನಾಜಿಮಾ.

ಊರ ಅಗಸಿ ಬಾಗಿಲು ದಾಟಿದ ಮೇಲಿನ ಏರಿನಲ್ಲಿ ಹಗ್ಗ ಪಟ್ಟನೆ ಹರಿಯಿತು. ಟ್ರ್ಯಾಕ್ಟರ್ ಹಿಂದಕ್ಕೆ ಜಾರಿತು. ಅದನ್ನು ಕಳಿಸಲೆಂದು ಅಬ್ಬಾ ಕೋಲೂರಿಕೊಂಡು ಹಿಂದೆಯೇ ನಡೆದಿದ್ದರು. ಅವರ ಹಿಂದೆ ಬರುತ್ತಿದ್ದ ನಾನು ಓಡಿ ಹೋಗಿ ರಟ್ಟೆ ಹಿಡಿದು ಎಳೆದೆ. ಇಬ್ಬರೂ ಮಣ್ಣಿನಲ್ಲಿ ಬಿದ್ದೆವು. ದೊಡ್ಡ ಗಾಲಿ ಟ್ರೇಲರಿನ ಹಿಂಬಾಗಿಲಿಗೆ ಬಡಿದು ನಿಂತಿತು.

ಅಬ್ಬಾ ಟೋಪಿ ಝಾಡಿಸುತ್ತ, "ಸುಗರಾ, ಇನ್ನ ನೀನ ನಿಂತು ಕಟ್ಟಸು. ನಾಜಿಮಾಗ ಚಲೋತ್ನಂಗ ಮುಟ್ಟಬೇಕು" ಅಂದರು. ಆಗಲೂ ನಿನ್ನ ಹೆಸರೇ!

ಕಟ್ಟಿಸಿದೆ. ಟ್ರೇಲರನ್ನು ಸಮ ನೆಲಕ್ಕೆ ತಂದು, ಟ್ರ್ಯಾಕ್ಟರನ್ನು ನಡುವಿಗೆ ಸರಿಸಿ, ಗೇರಿಗೆ ಹಾಕಿ ಬ್ರೇಕ್ ಬಿಗಿಸಿದೆ. ಗಾಲಿಗಳ ಹಿಂದೆ ಮುಂದೆ ಕಟ್ಟಿಗೆಯ ತುಂಡು ಇಡಿಸಿದೆ. ಬಾಜು ಮನೆಯ ಹುಚ್ಚಪ್ಪನ ಲಾರಿಯಿಂದ ನಾಲ್ಕು ಸರಪಳಿ ತರಿಸಿ, ಆಕ್ಸಲ್‌ಗಳಿಗೆ ಸುತ್ತಿ, ಎರಡನ್ನು ಮುಂದಕ್ಕೆ, ಎರಡನ್ನು ಹಿಂದಕ್ಕೆ ಎಳೆದು ಬಿಗಿಸಿದೆ. ನಾನೇ ಒಂದೊಂದನ್ನೂ ಜಗ್ಗಿ ನೋಡಿದೆ. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಮತ್ತೆ ನೋಡು ಅಂತ ಆಸೀಫನಿಗೆ ಹೇಳಿದ್ದೇನೆ.

ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಸುಳ್ಳು ಯಾಕೆ ಬರೆಯಲಿ?

ನಿನ್ನ ಅಕ್ಕ,
ಸುಗರಾಬಿ

ತಾ.ಕ.: ಟ್ರ್ಯಾಕ್ಟರಿನ ಮೂತಿಗೆ ಹಾಕಿ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಇಲ್ಲದೆ ಅದು ಶುರುವಾಗದು, ನಿನಗೆ ಗೊತ್ತಲ್ಲ. ಅದನ್ನು ನಾನು ಇಟ್ಟುಕೊಂಡಿದ್ದೇನೆ. ಅಬ್ಬಾಗೆ ಹೇಳಿಲ್ಲ. ಯಾರನ್ನೂ ಕಳಿಸಬೇಡ, ಕೊಡುವುದಿಲ್ಲ. ನೀನೇ ಬಾ. ಬಂದವಳು ಅಂದೇ ತಿರುಗಿ ಹೋಗುವ ಬಸ್ಸು ಕೇಳಬೇಡ.