ಅಪ್ಪನ ತುಟಿಯ ಕೆಳಗಿನ ಸಾಲು

೧೪ ಜೂನ್, ಭಾನುವಾರ

ಪ್ರೀತಿಯ ತಂಗೀ,

ನಿನ್ನ ಮೂರು ಪತ್ರಗಳೂ ಬಂದಿವೆ. ಉತ್ತರ ತಡವಾದದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ, ತಪ್ಪು ನನ್ನದೇ. ನಾನು ಚೆನ್ನಾಗಿದ್ದೇನೆ, ಪರದೆ ನೋಡಿ ನೋಡಿ ಕಣ್ಣು ಮಾತ್ರ ಉರಿಯುತ್ತದೆ. ಪಾಪುವಿಗೆ ಹಲ್ಲು ಬಂತೇ?

ಮೂರರಲ್ಲೂ ನೀನು ಕೇಳಿರುವುದು ಒಂದೇ. ತೀರಿಕೊಳ್ಳುವ ಮುಂಚೆ ಅಪ್ಪ ಆಸ್ಪತ್ರೆಯಲ್ಲಿ ನಿನಗಾಗಿ ಮಾತಾಡಿದ ವಿಡಿಯೋಗೆ ನಾನು ಹಾಕಿಕೊಟ್ಟ ಸಬ್‌ಟೈಟಲ್ ಪೂರ್ತಿ ಇದೆಯೇ ಎಂದು. "ಕೊನೆಯಲ್ಲಿ ಅಪ್ಪನ ತುಟಿ ಅಷ್ಟು ಹೊತ್ತು ಆಡುತ್ತೆ, ಕೆಳಗೆ ಮೂರೇ ಪದ ಬರುತ್ತಲ್ಲ ಅಕ್ಕ" ಎಂದು ಬರೆದಿದ್ದೀಯ. ಕಿವಿ ಕೇಳದಿದ್ದರೇನು, ನಿನ್ನ ಕಣ್ಣು ತಪ್ಪಿಸಿ ಏನೂ ಮಾಡುವ ಹಾಗಿಲ್ಲ. ಇರಲಿ, ಮೊದಲು ಸ್ಟುಡಿಯೋ ಸಮಾಚಾರ ಓದು.

ನಮ್ಮ ಸ್ಟುಡಿಯೋ ಯಜಮಾನ ಅಗ್ಗಕ್ಕೆ ಒಂದು ಡಬ್ಬಿ ತಂದಿದ್ದಾನೆ. ವಿಡಿಯೋ ಹಾಕಿದರೆ ಮಾತನ್ನು ತಾನೇ ಕೇಳಿ, ತಾನೇ ಬರೆದು, ಚಿತ್ರದ ಕೆಳಗೆ ಅಂಟಿಸುತ್ತದಂತೆ. ಬಂದವರಿಗೆಲ್ಲ ಅದರ ಮೈ ಸವರಿ ತೋರಿಸುತ್ತಾನೆ. ಕಟ್ಟಿಕೊಂಡ ಹೆಂಡತಿಗೂ ಅಷ್ಟು ಮರ್ಯಾದೆ ಕೊಟ್ಟವನಲ್ಲ. ಇಪ್ಪತ್ತೆರಡು ವರ್ಷ ಒಂದೊಂದು ಸಾಲನ್ನೂ ಅಳೆದು ಕೂರಿಸಿದ ನನ್ನನ್ನು ಕರೆದು, ಇನ್ನು ಗುಂಡಿ ಒತ್ತಿದರೆ ಸಾಕು ಎಂದ.

ಸಾಲು ಪರದೆಯ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂದು ನಿರ್ಧರಿಸಲು ಯಜಮಾನ, ಕ್ಯಾಮೆರಾದವನು, ಧ್ವನಿಯವನು ಸಾಲಾಗಿ ಕೂತರು. ಮಾತು ಕಿವಿಗೆ ಬೀಳುತ್ತಲೇ ಇತ್ತಲ್ಲ, ಅಕ್ಷರ ಬಂದು ಮಾಯವಾದರೂ ಭೇಷ್ ಎಂದು ತಲೆಯಾಡಿಸಿದರು. ಮಹಾ ಬುದ್ಧಿವಂತರು. ನಾನು ಎದ್ದುಹೋಗಿ ಧ್ವನಿ ಪೂರ್ತಿ ಇಳಿಸಿದೆ. ಒಬ್ಬನಿಗೂ ಒಂದು ಸಾಲು ಓದಿ ಮುಗಿಸಲಾಗಲಿಲ್ಲ. "ನೋಡೋರಿಗೆ ಕಿವಿ ಇರುತ್ತಲ್ಲ ಮೇಡಂ" ಎಂದ ಯಜಮಾನ. ನನ್ನ ತಂಗಿಗಿಲ್ಲ ಎಂದೆ. ಆ ಪುಣ್ಯಾತ್ಮ ಕೆಮ್ಮಿದ. ಮೈಕ್ ತೆರೆದೇ ಇದ್ದ ಡಬ್ಬಿ ಅದಕ್ಕೂ ಒಂದು ಪದ ಬರೆಯಿತು. ಅದರ ಮುಖಕ್ಕಿಷ್ಟು ಬೆಂಕಿ ಹಾಕ.

ಅದರ ಯೋಗ್ಯತೆ ಎಷ್ಟೆಂದು ನೋಡೋಣ ಅಂತ ಊಟದ ಬಿಡುವಿನಲ್ಲಿ ಅಪ್ಪನ ವಿಡಿಯೋವನ್ನೇ ಹಾಕಿದೆ. ಆ ಪ್ರತಿ ಇದರ ಜೊತೆಗಿದೆ. ಮೊದಲರ್ಧದಲ್ಲಿ ಬೇಕಾದಷ್ಟು ತಪ್ಪುಗಳಿವೆ, ಸಾಲುಗಳು ಓಡುತ್ತವೆ. ನಿಲ್ಲಿಸಿ ನಿಲ್ಲಿಸಿ ಓದಿಕೋ.

ಪಾಪುವಿಗೆ ಮುತ್ತು. ನೀವು ಮೂವರೂ ತಣ್ಣಗಿರಿ, ನಿನ್ನ ಮನೆಯಲ್ಲಿ ನಗು ತುಂಬಿರಲಿ.

ನಿನ್ನ ಅಕ್ಕ

ತಾ.ಕ.: ಕೊನೆಯಲ್ಲಿ ನಾನು ಹಾಕಿದ್ದು "ಚೆನ್ನಾಗಿರು ನನ್ನ ಕಂದ" ಎಂದಷ್ಟೇ. ಜಾಗ ಸಾಲದೆ ಅಲ್ಲ. ಅದಕ್ಕೆ ಮೊದಲು ಅಪ್ಪ ಹೇಳಿದ್ದು ಇದು: "ನಿನ್ನ ಹತ್ರ ಮಾತಾಡೋಕೆ ಕೈಸನ್ನೆ ಕಲೀಲೇ ಇಲ್ಲ ನಾನು. ಎಲ್ಲಾನೂ ಅಕ್ಕನ ಮೇಲೆ ಹಾಕ್ಬಿಟ್ಟೆ. ನನ್ನನ್ನ ಕ್ಷಮಿಸು." ಕ್ಯಾಮೆರಾ ಹಿಡಿದು ಎದುರಿಗೆ ನಿಂತಿದ್ದವಳು ನಾನು. ನನ್ನ ಮೇಲೆ ಹಾಕಿದ್ದಕ್ಕೂ ನಿನ್ನ ಹತ್ತಿರ ಕ್ಷಮೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಲೈಟ್ ಆರಿಸು ಎಂದರು, ಅಷ್ಟೇ. ಹೊಟ್ಟೆಕಿಚ್ಚಿಗೆ ಅಳಿಸಿಬಿಟ್ಟೆ ಕಣೇ. ನಿನಗೆ ಸೇರಬೇಕಾದ ಮಾತನ್ನು ಆರು ವರ್ಷ ಮುಚ್ಚಿಟ್ಟೆ. ನಿನ್ನ ಒಂದೊಂದು ಪತ್ರ ಬಂದಾಗಲೂ ಅದನ್ನು ಟೈಪ್ ಮಾಡಲು ಕೂತೆ, ಕೈ ಬರಲಿಲ್ಲ. ಆ ದರಿದ್ರ ಡಬ್ಬಿ ಈ ಮಾತನ್ನು ಮಾತ್ರ ಒಂದಕ್ಷರ ತಪ್ಪಿಲ್ಲದೆ ಬರೆದುಬಿಟ್ಟಿತು.